ಸೇರುವ ಮುನ್ನವೇ ಬಿಡುವ ಲೆಕ್ಕ: ನಿವೃತ್ತರ ವಸತಿ ಸಮುಚ್ಚಯಗಳ ಬಗ್ಗೆ ಓದುಗರ ಪ್ರಶ್ನೆಗಳು

ನಿವೃತ್ತರಿಗಾಗಿಯೇ ಕಟ್ಟಿದ ವಸತಿ ಸಮುಚ್ಚಯಗಳ ಕುರಿತು ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಬಹುಪಾಲು ಹಣದ ಬಗೆಗಿನವು. ಎಷ್ಟು ಕೊಡಬೇಕು, ಅದನ್ನು ಎಲ್ಲಿಂದ ಹೊಂದಿಸಬೇಕು, ಕೊಟ್ಟದ್ದರಲ್ಲಿ ಎಷ್ಟು ಹಿಂದಕ್ಕೆ ಬರುತ್ತದೆ ಎಂಬ ಆತಂಕ ಎಲ್ಲ ಪತ್ರಗಳಲ್ಲೂ ಇದೆ. ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಗಂಟನ್ನು ಒಮ್ಮೆಲೇ ಒಂದು ಸಂಸ್ಥೆಯ ಕೈಗೆ ಒಪ್ಪಿಸುವ ಮುನ್ನ ಈ ಆತಂಕ ಇರಲೇಬೇಕು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ, ಯಾವ ನಿಯಮ ಎಲ್ಲಿಯದು ಎಂಬುದನ್ನು ಆಯಾ ಕಡೆ ಹೇಳಿದ್ದೇನೆ.

ಪ್ರಶ್ನೆ: ನಾನೂ ನನ್ನ ಪತ್ನಿಯೂ ನಿವೃತ್ತ ಅಧ್ಯಾಪಕರು. ನಾವು ನೋಡಿಬಂದ ಎರಡು ಸಮುಚ್ಚಯಗಳಲ್ಲಿ ಮನೆಗಳು ಹೆಚ್ಚುಕಡಿಮೆ ಒಂದೇ ರೀತಿ ಇವೆ. ಆದರೆ ಒಂದು ಕಡೆಯ ಬೆಲೆ ಇನ್ನೊಂದು ಕಡೆಗಿಂತ ಬಹಳ ಕಡಿಮೆ. ಕಡಿಮೆ ಬೆಲೆಯವರು "ಈ ಮನೆ ಜೀವನಪರ್ಯಂತ ನಿಮ್ಮದೇ" ಎನ್ನುತ್ತಾರೆ. ಹಾಗಿದ್ದರೆ ಇಷ್ಟು ವ್ಯತ್ಯಾಸ ಏಕೆ?

ಉತ್ತರ: ಎರಡು ಕಡೆ ನೀವು ನೋಡಿದ ಮನೆಗಳು ಒಂದೇ ರೀತಿ ಇರಬಹುದು, ಆದರೆ ಅವರು ಮಾರುತ್ತಿರುವ ಹಕ್ಕು ಒಂದೇ ಅಲ್ಲ. ಒಂದು ಕಡೆ ಕ್ರಯಪತ್ರ ನೋಂದಣಿಯಾಗಿ ಮನೆ ನಿಮ್ಮ ಹೆಸರಿಗೆ ಬರುತ್ತಿರಬಹುದು. ಇನ್ನೊಂದು ಕಡೆ ನೀವು ಬದುಕಿರುವವರೆಗೆ ಅಲ್ಲಿ ವಾಸಿಸುವ ಹಕ್ಕನ್ನು ಮಾತ್ರ ಕೊಟ್ಟು, ಮನೆಯ ಒಡೆತನವನ್ನು ಸಂಸ್ಥೆ ತನ್ನಲ್ಲೇ ಉಳಿಸಿಕೊಳ್ಳುತ್ತಿರಬಹುದು. "ಜೀವನಪರ್ಯಂತ ನಿಮ್ಮದು" ಎಂಬ ಮಾತು ಈ ಎರಡನೆಯ ಬಗೆಯನ್ನು ಸೂಚಿಸುವ ಸಾಧ್ಯತೆಯೇ ಹೆಚ್ಚು.

ಪ್ರಪಂಚದಾದ್ಯಂತ ಈ ವ್ಯವಹಾರ ಮುಖ್ಯವಾಗಿ ನಾಲ್ಕು ರೂಪಗಳಲ್ಲಿ ನಡೆಯುತ್ತದೆ: ಪೂರ್ಣ ಒಡೆತನ, ದೀರ್ಘಾವಧಿ ಗುತ್ತಿಗೆ, ವಾಸದ ಹಕ್ಕು ಮತ್ತು ಬಾಡಿಗೆ. ಅಮೆರಿಕದ ಅರಿಜೋನಾದಲ್ಲಿ 1960ರ ಜನವರಿ 1ರಂದು ತೆರೆದ ಸನ್ ಸಿಟಿ ಒಡೆತನದ ಮಾದರಿಗೆ ಹೆಸರಾದದ್ದು. ಅಲ್ಲಿ ಮನೆ ಕೊಂಡವರದೇ. ಈಜುಕೊಳ, ಸಭಾಂಗಣ, ಗಾಲ್ಫ್ ಮೈದಾನಗಳನ್ನು ನಿವಾಸಿಗಳದೇ ಆದ ಲಾಭರಹಿತ ಸಂಸ್ಥೆಯೊಂದು ನಡೆಸುತ್ತದೆ, ಅದಕ್ಕೆ ಮನೆಯೊಡೆಯರು ವರ್ಷಕ್ಕೊಮ್ಮೆ ಶುಲ್ಕ ಕಟ್ಟುತ್ತಾರೆ. ಬ್ರಿಟನ್ನಿನಲ್ಲಿ ಇಂಥ ಮನೆಗಳು ಹೆಚ್ಚಾಗಿ ದೀರ್ಘ ಗುತ್ತಿಗೆಯ ಮೇಲೆ ಮಾರಾಟವಾಗುತ್ತವೆ. ನ್ಯೂಜಿಲೆಂಡಿನಲ್ಲಿ ಬಹುಪಾಲು ವಾಸದ ಹಕ್ಕಿನ ಒಪ್ಪಂದಗಳೇ ಇದ್ದು, ಅವುಗಳನ್ನು 2003ರ ನಿವೃತ್ತಿ ಗ್ರಾಮಗಳ ಕಾಯ್ದೆ ನಿಯಂತ್ರಿಸುತ್ತದೆ.

ವಾಸದ ಹಕ್ಕನ್ನು ಕೊಂಡವರು ಆ ಮನೆಯನ್ನು ಅಡವಿಟ್ಟು ಸಾಲ ಪಡೆಯಲಾರರು, ಉಯಿಲಿನಲ್ಲಿ ಮಕ್ಕಳಿಗೆ ಬರೆದಿಡಲಾರರು. ಬೆಲೆ ಏರಿದರೆ ಆ ಲಾಭವೂ ಸಾಮಾನ್ಯವಾಗಿ ಸಂಸ್ಥೆಗೇ ಸೇರುತ್ತದೆ. ಅಷ್ಟೇ ಅಲ್ಲದೆ, ಸಂಸ್ಥೆ ತನ್ನ ಆದಾಯದ ದೊಡ್ಡ ಪಾಲನ್ನು ನೀವು ಮನೆ ಬಿಡುವಾಗ ಮುರಿದುಕೊಳ್ಳುತ್ತದೆ. ಮೊದಲಿಗೆ ಬೆಲೆ ಕಡಿಮೆಯಿರುವುದಕ್ಕೆ ಇದೇ ಕಾರಣ.

ಹಾಗೆಂದು ವಾಸದ ಹಕ್ಕು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆಸ್ತಿ ಬಿಟ್ಟುಹೋಗುವ ಇಚ್ಛೆಯಿಲ್ಲದ, ಉಳಿದ ಹಣ ಕೈಯಲ್ಲಿ ಓಡಾಡುತ್ತಿರಲಿ ಎಂದು ಬಯಸುವ, ಅದೇ ಜಾಗದಲ್ಲಿ ದೀರ್ಘಕಾಲ ನೆಲೆಸುವುದು ಖಚಿತವಾಗಿರುವ ದಂಪತಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಮೂರ್ನಾಲ್ಕು ವರ್ಷಗಳಲ್ಲಿ ಮಗಳ ಊರಿಗೋ ಮಗನ ಊರಿಗೋ ಹೋಗುವ ಸಾಧ್ಯತೆ ಇರುವವರಿಗೆ ಮಾತ್ರ ಇದಕ್ಕಿಂತ ದುಬಾರಿ ವ್ಯವಸ್ಥೆ ಇನ್ನೊಂದಿಲ್ಲ. ಒಡೆತನದಲ್ಲೂ ಒಂದು ತೊಡಕಿದೆ. ಇಂಥ ಸಮುಚ್ಚಯದ ಮನೆಯನ್ನು ವಯಸ್ಸಿನ ಮಿತಿಗೆ ಒಳಪಟ್ಟೇ ಮಾರಬೇಕಾಗುತ್ತದೆ. ಉದಾಹರಣೆಗೆ, ಅಮೆರಿಕದ 1995ರ ಕಾನೂನಿನಂತೆ 55 ದಾಟಿದವರ ಬಡಾವಣೆ ಎನಿಸಿಕೊಳ್ಳಲು ಜನವಾಸವಿರುವ ಮನೆಗಳಲ್ಲಿ ಕನಿಷ್ಠ ಶೇಕಡಾ 80ರಲ್ಲಿ ಆ ವಯಸ್ಸಿನ ಒಬ್ಬರಾದರೂ ಇರಬೇಕು. ಆದ್ದರಿಂದ ಕೊಳ್ಳುವವರ ಸಂಖ್ಯೆ ಕಡಿಮೆ, ಮಾರಾಟ ನಿಧಾನ.

ಎರಡೂ ಕಡೆಯವರಿಂದ ಕರಡು ಒಪ್ಪಂದವನ್ನೇ ಕೇಳಿ ಪಡೆಯಿರಿ. ಪರಿಚಯ ಪುಸ್ತಿಕೆಯಲ್ಲಿ ಏನೇ ಬರೆದಿದ್ದರೂ ಅದಕ್ಕೆ ಕಾನೂನಿನ ಬಲ ಸಿಗುವುದು ಕಷ್ಟ. ಕರಡು ಕೊಡಲು ಹಿಂದೆಮುಂದೆ ನೋಡುವವರೊಡನೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಪ್ರಶ್ನೆ: ನನ್ನ ಅಕ್ಕನಿಗಾಗಿ ತರಿಸಿಕೊಂಡ ಕರಡಿನಲ್ಲಿ ಈ ಸಾಲುಗಳಿವೆ: "ನಿವಾಸಿಯು ಮನೆಯನ್ನು ತೆರವು ಮಾಡಿದ ಬಳಿಕ, ಸದರಿ ಮನೆಯು ಹೊಸ ನಿವಾಸಿಗೆ ಹಂಚಿಕೆಯಾದ ದಿನದಿಂದ 30 ದಿನಗಳೊಳಗೆ, ಮುಂದೂಡಿದ ನಿರ್ವಹಣಾ ಶುಲ್ಕ ಹಾಗೂ ದುರಸ್ತಿ ವೆಚ್ಚವನ್ನು ಕಳೆದು, ಠೇವಣಿಯನ್ನು ಹಿಂದಿರುಗಿಸಲಾಗುವುದು." 30 ದಿನಗಳಲ್ಲಿ ಹಣ ಬರುತ್ತದೆಂದು ಅಕ್ಕ ನಿಶ್ಚಿಂತೆಯಿಂದಿದ್ದಾರೆ. ಇದು ಸರಿಯೇ?

ಉತ್ತರ: ತಮ್ಮ ಅಕ್ಕನವರು ಈ ವಾಕ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕು. 30 ದಿನಗಳ ಎಣಿಕೆ ಅವರು ಮನೆ ಬಿಟ್ಟ ದಿನದಿಂದ ಆರಂಭವಾಗುವುದಿಲ್ಲ. ಹೊಸಬರು ಬಂದ ದಿನದಿಂದ ಆರಂಭವಾಗುತ್ತದೆ. ಹೊಸಬರು ಯಾವಾಗ ಬರಬೇಕೆಂಬುದಕ್ಕೆ ಈ ಕರಡಿನಲ್ಲಿ ಗಡುವೇ ಇಲ್ಲ. ಅದೇ ಸಮುಚ್ಚಯದಲ್ಲಿ ಇನ್ನೂ ಮಾರಾಟವಾಗದ ಹೊಸ ಮನೆಗಳಿದ್ದರೆ ಸಂಸ್ಥೆ ಮೊದಲು ಅವುಗಳನ್ನೇ ತೋರಿಸುತ್ತದೆ, ತೆರವಾದ ಹಳೆಯ ಮನೆ ಕಾಯುತ್ತದೆ. ಆ ಹೊತ್ತಿಗೆ ತಮ್ಮ ಅಕ್ಕನವರು ಶುಶ್ರೂಷಾ ಕೇಂದ್ರಕ್ಕೆ ಸೇರಬೇಕಾಗಿ ಬಂದಿದ್ದರೆ, ಅಲ್ಲಿನ ಖರ್ಚಿಗೆ ಬೇಕಾದ ಹಣ ಇಲ್ಲಿ ಸಿಕ್ಕಿಕೊಂಡಿರುತ್ತದೆ.

ಈ ತೊಂದರೆಯನ್ನು ಮನಗಂಡೇ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯವು 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಮನೆ ಮರುಮಾರಾಟವಾಗಲಿ ಬಿಡಲಿ, ನಿವಾಸಿ ಹೊರನಡೆದ 18 ತಿಂಗಳೊಳಗೆ ಅವರ ಬಾಕಿಯನ್ನು ಸಂಸ್ಥೆ ಪಾವತಿಸಬೇಕೆಂದು ವಿಧಿಸಿತು. ಕಾನೂನು ಇಂಥ ಗಡುವು ಹಾಕದ ಕಡೆಗಳಲ್ಲಿ ಒಪ್ಪಂದದಲ್ಲೇ ಅದನ್ನು ಬರೆಸಬೇಕು. "ಹೊಸ ನಿವಾಸಿ ಬಂದ 30 ದಿನಗಳೊಳಗೆ ಅಥವಾ ತೆರವು ಮಾಡಿದ ಇಂತಿಷ್ಟು ತಿಂಗಳೊಳಗೆ, ಇವೆರಡರಲ್ಲಿ ಯಾವುದು ಮೊದಲೋ ಆಗ" ಎಂದು ಸೇರಿಸಲು ಕೇಳಿ. ಕೇಳಿದರೆ ಒಪ್ಪುವ ಸಂಸ್ಥೆಗಳೂ ಇವೆ.

ಇನ್ನು "ಮುಂದೂಡಿದ ನಿರ್ವಹಣಾ ಶುಲ್ಕ"ದ ವಿಷಯ. ಈ ಬಾಬ್ತನ್ನು ತಿಂಗಳು ತಿಂಗಳು ವಸೂಲು ಮಾಡದೆ, ಬಿಡುವಾಗ ಠೇವಣಿಯಿಂದ ಒಟ್ಟಿಗೆ ಮುರಿದುಕೊಳ್ಳುತ್ತಾರೆ. ನ್ಯೂಜಿಲೆಂಡಿನಲ್ಲಿ ಇದು ಸಾಮಾನ್ಯವಾಗಿ ಠೇವಣಿಯ ಶೇಕಡಾ 20ರಿಂದ 30ರಷ್ಟಿದ್ದು, ಮೊದಲ ಮೂರರಿಂದ ಐದು ವರ್ಷಗಳಲ್ಲೇ ಪೂರ್ಣವಾಗಿ ಸಂಚಯವಾಗುತ್ತದೆ. ಬ್ರಿಟನ್ನಿನಲ್ಲಿಯೂ ಮರುಮಾರಾಟದಂಥ ಸಂದರ್ಭಗಳಲ್ಲಿ ಬೀಳುವ ಇಂಥ ಶುಲ್ಕಗಳಿವೆ. ಅವುಗಳನ್ನು ಕೊಳ್ಳುವವರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂದು ಅಲ್ಲಿನ ಕಾನೂನು ಆಯೋಗ 2017ರಲ್ಲಿ ಶಿಫಾರಸು ಮಾಡಿತು.

ಲೆಕ್ಕ ಮಾಡಿ ನೋಡೋಣ. ಠೇವಣಿ 100 ಎಂದಿಟ್ಟುಕೊಳ್ಳಿ. ಶುಲ್ಕ ವರ್ಷಕ್ಕೆ 10ರಂತೆ ಮೂರು ವರ್ಷಗಳಲ್ಲಿ 30 ಆಗುತ್ತದೆ. ನಿವಾಸಿ ಮೂರು ವರ್ಷ ಮುಗಿದಾಗ ಹೊರಟರೆ ಉಳಿಯುವುದು 70. ಬಣ್ಣ, ನೆಲಹಾಸು, ಅಡುಗೆಮನೆಯ ದುರಸ್ತಿ ಎಂದು 4 ಕಳೆದರೆ 66. ಮರುಮಾರಾಟಕ್ಕೆ ಇನ್ನೊಂದು ವರ್ಷ ಹಿಡಿಯಿತು, ಈ ನಾಲ್ಕು ವರ್ಷಗಳಲ್ಲಿ ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದವು ಎಂದುಕೊಂಡರೆ, ಕೈಗೆ ಬಂದ 66ರ ಕೊಳ್ಳುವ ಶಕ್ತಿ ಸೇರಿದ ದಿನದ ಲೆಕ್ಕದಲ್ಲಿ ಸುಮಾರು 52. ಅದೇ ನಿವಾಸಿ ಹದಿನೈದು ವರ್ಷ ಇದ್ದರೂ ಶುಲ್ಕ 30ಕ್ಕೇ ನಿಲ್ಲುವುದರಿಂದ, ವರ್ಷದ ಲೆಕ್ಕದಲ್ಲಿ ಅವರಿಗೆ ಅದು 2 ಮಾತ್ರ. ಹೆಚ್ಚು ಕಾಲ ಇದ್ದವರಿಗೆ ಹಗುರ, ಬೇಗ ಹೊರಟವರಿಗೆ ಭಾರ.

ಕರಡಿನಲ್ಲಿ ಇನ್ನೊಂದು ವಿಷಯವನ್ನೂ ಹುಡುಕಿ: ಮನೆ ತೆರವಾದ ಮೇಲೂ ಮಾಸಿಕ ಶುಲ್ಕ ಮುಂದುವರಿಯುತ್ತದೆಯೇ, ಎಷ್ಟು ದಿನ? ನಿವಾಸಿ ತೀರಿಕೊಂಡ ಮೇಲೆ ವಾರಸುದಾರರಿಗೆ ಹೀಗೆ ಬಿಲ್ಲುಗಳು ಬರುತ್ತಿರುವುದನ್ನು ಓದುಗರು ಬರೆದು ತಿಳಿಸಿದ್ದಾರೆ. ದುಃಖದಲ್ಲಿರುವ ಕುಟುಂಬಕ್ಕೆ ಇದು ನಿಜಕ್ಕೂ ಅನ್ಯಾಯವೆಂದೇ ನನ್ನ ಭಾವನೆ.

ಪ್ರಶ್ನೆ: ನನಗೆ 68 ವರ್ಷ. ಪತಿ ಇಲ್ಲ. ದೊಡ್ಡ ಮನೆ ಇದೆ, ಸಾಲವಿಲ್ಲ. ಆದರೆ ಕೈಗೆ ಬರುವುದು ಸಣ್ಣ ಕುಟುಂಬ ಪಿಂಚಣಿ ಮಾತ್ರ. ಸಮುಚ್ಚಯಕ್ಕೆ ಸೇರುವ ಆಸೆ ಇದೆ. ಮನೆಯನ್ನು ಮಾರಬೇಕಾಗಿಲ್ಲ, ರಿವರ್ಸ್ ಮಾರ್ಟ್‌ಗೇಜ್ ಸಾಲ ಪಡೆದು ಆ ಹಣದಲ್ಲಿ ಸೇರಬಹುದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಆಗುತ್ತದೆಯೇ?

ಉತ್ತರ: ಅಮ್ಮಾ, ಈ ಸಲಹೆ ತಮ್ಮ ಅಗತ್ಯಕ್ಕೆ ಹೊಂದುವುದಿಲ್ಲ. ರಿವರ್ಸ್ ಮಾರ್ಟ್‌ಗೇಜ್ ಎಂದರೆ ಮನೆಯನ್ನು ಅಡವಿಟ್ಟು, ಬ್ಯಾಂಕಿನಿಂದ ಕಂತುಗಳಲ್ಲೋ ಒಟ್ಟಿಗೋ ಹಣ ಪಡೆದು, ಅಸಲು ಬಡ್ಡಿಗಳನ್ನು ತಾವು ಕಟ್ಟದೆ, ತಮ್ಮ ಕಾಲಾನಂತರ ಅಥವಾ ತಾವು ಮನೆ ಬಿಟ್ಟ ಮೇಲೆ ಅದನ್ನು ಮಾರಿ ತೀರಿಸುವ ಸಾಲ. ಅದರ ಮೂಲ ಷರತ್ತೇ ಸಾಲಗಾರರು ಅದೇ ಮನೆಯಲ್ಲಿ ವಾಸಿಸುತ್ತಿರಬೇಕು ಎಂಬುದು. ಭಾರತದಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕಿನ ಮಾರ್ಗಸೂಚಿಯಂತೆ 60 ದಾಟಿದವರಿಗೆ, ಅವರು ಕಾಯಂ ವಾಸವಿರುವ ಸ್ವಂತ ಮನೆಯ ಮೇಲೆ ಮಾತ್ರ ಈ ಸಾಲ ಸಿಗುತ್ತದೆ. ಅಮೆರಿಕದಲ್ಲಿ ಸರ್ಕಾರಿ ವಿಮೆಯಿರುವ ಇಂಥ ಸಾಲಕ್ಕೆ 62 ವರ್ಷ ತುಂಬಿರಬೇಕು. ಅನಾರೋಗ್ಯದ ಕಾರಣಕ್ಕೆ ಸತತ 12 ತಿಂಗಳಿಗಿಂತ ಹೆಚ್ಚು ಕಾಲ ಶುಶ್ರೂಷಾ ಕೇಂದ್ರದಲ್ಲಿ ಉಳಿದು, ಮನೆಯಲ್ಲಿ ಸಹ ಸಾಲಗಾರರಾಗಲಿ ಅರ್ಹ ಸಂಗಾತಿಯಾಗಲಿ ಇಲ್ಲದಿದ್ದರೆ ಸಾಲ ತೀರಿಸುವ ಹೊತ್ತು ಬಂದಂತೆಯೇ. ತಾವು ಸಮುಚ್ಚಯಕ್ಕೆ ಹೊರಟರೆ, ಸಾಲಕ್ಕೆ ಆಧಾರವಾದ ವಾಸವೇ ತಪ್ಪಿಹೋಗುತ್ತದೆ.

ಈಗಿನ ಮನೆಯಲ್ಲೇ ಉಳಿದು, ತಿಂಗಳ ಖರ್ಚಿಗೆ ಸಾಲದಾದಾಗ ಈ ಸಾಲ ಉಪಯೋಗಕ್ಕೆ ಬರುತ್ತದೆ. ಆಗಲೂ ಚಕ್ರಬಡ್ಡಿಯನ್ನು ಮರೆಯುವಂತಿಲ್ಲ. ಶೇಕಡಾ 9ರ ಬಡ್ಡಿಯಲ್ಲಿ ಸಾಲ ಸುಮಾರು 8 ವರ್ಷಗಳಿಗೆ ಇಮ್ಮಡಿಯಾಗುತ್ತದೆ; 100 ಬೆಲೆಯ ಮನೆಯ ಮೇಲೆ ಇಂದು 30 ಒಟ್ಟಿಗೆ ಪಡೆದರೆ 8 ವರ್ಷಕ್ಕೆ 60, 16 ವರ್ಷಕ್ಕೆ 120. ಮನೆಯ ಬೆಲೆಗಿಂತ ಸಾಲ ಹೆಚ್ಚಾದರೂ ಮಿಕ್ಕದ್ದನ್ನು ಮಕ್ಕಳಿಂದ ವಸೂಲು ಮಾಡಬಾರದೆಂಬ ರಕ್ಷಣೆ ಭಾರತದ ಮಾರ್ಗಸೂಚಿಯಲ್ಲೂ ಅಮೆರಿಕದ ಯೋಜನೆಯಲ್ಲೂ ಇದೆ. ಆಸ್ಟ್ರೇಲಿಯಾದಲ್ಲಿ ಸರ್ಕಾರವೇ ಪಿಂಚಣಿ ವಯಸ್ಸಿನವರಿಗೆ ಆಸ್ತಿಯ ಮೇಲೆ ಎರಡು ವಾರಕ್ಕೊಮ್ಮೆ ಸಾಲದ ಕಂತು ಕೊಡುವ ಯೋಜನೆಯನ್ನು ನಡೆಸುತ್ತಿದೆ.

ಹಾಗಾದರೆ ತಮಗಿರುವ ದಾರಿಗಳು ಎರಡು. ಮನೆಯನ್ನು ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಲ್ಲಿ ಸಮುಚ್ಚಯದ ಬಾಡಿಗೆ ಮನೆಯೊಂದಕ್ಕೆ ಸೇರುವುದು ಒಂದು. ಇದರಲ್ಲಿ ಆಸ್ತಿ ಉಳಿಯುತ್ತದೆ, ಮನಸ್ಸು ಬದಲಾದರೆ ಹಿಂದಿರುಗಬಹುದು. ಆದರೆ ಮನೆ ಖಾಲಿ ಬಿದ್ದ ತಿಂಗಳುಗಳಲ್ಲಿ ಆದಾಯ ನಿಲ್ಲುತ್ತದೆ, ರಿಪೇರಿಯ ತಾಪತ್ರಯ ತಪ್ಪುವುದಿಲ್ಲ. ಮನೆಯನ್ನು ಮಾರುವುದು ಎರಡನೆಯದು. ಮಾರಿದರೆ ಬಂದ ಹಣವೆಲ್ಲವನ್ನೂ ಸಮುಚ್ಚಯಕ್ಕೆ ಸುರಿಯಬೇಡಿ ಎಂಬುದೇ ನನ್ನ ಒತ್ತಾಯ. ಅದನ್ನು ಮೂರು ಭಾಗ ಮಾಡಿಕೊಳ್ಳಿ: ಪ್ರವೇಶದ ಮೊತ್ತಕ್ಕೆ ಒಂದು, ತಿಂಗಳ ಆದಾಯ ತರುವ ಠೇವಣಿ ಅಥವಾ ವರ್ಷಾಶನಕ್ಕೆ ಒಂದು, ಮುಂದೆ ಶುಶ್ರೂಷೆ ಬೇಕಾದಾಗ ಮುಟ್ಟಲು ಒಂದು. ಪ್ರವೇಶಕ್ಕೇ ಅರ್ಧಕ್ಕಿಂತ ಹೆಚ್ಚು ಹೋಗುವುದಾದರೆ ಆ ಸಮುಚ್ಚಯ ತಮ್ಮ ಶಕ್ತಿಗೆ ಮೀರಿದ್ದೆಂದು ತಿಳಿದು ಚಿಕ್ಕ ಮನೆಯನ್ನು ನೋಡುವುದು ಲೇಸು.

ಮಾಸಿಕ ಶುಲ್ಕ ಏರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವರ್ಷಕ್ಕೆ ಶೇಕಡಾ 7ರಂತೆ ಏರಿದರೆ ಅದು ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಮಗೆ 78 ಆದಾಗ ಈಗಿನ ಎರಡರಷ್ಟು ಶುಲ್ಕ ಕಟ್ಟಲು ಕುಟುಂಬ ಪಿಂಚಣಿ ಮತ್ತು ಬಡ್ಡಿ ಸೇರಿ ಸಾಕಾಗುತ್ತದೆಯೇ ಎಂದು ಕಾಗದದ ಮೇಲೆ ಬರೆದು ನೋಡಿ. ಏರಿಕೆಗೆ ಮಿತಿ ಇದೆಯೇ, ಇಲ್ಲವೇ ಆಡಳಿತದ ಇಚ್ಛೆಗೆ ಬಿಟ್ಟಿದ್ದೇ ಎಂಬುದು ಒಪ್ಪಂದದಲ್ಲಿರಬೇಕು. ಕೊನೆಯದಾಗಿ, ಹಳೆಯ ಮನೆಯ ಮಾರಾಟದ ಹಣ ಕೈಸೇರುವ ಮುನ್ನ ಹೊಸ ಕಡೆ ಹಿಂತೆಗೆಯಲಾಗದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಮಾರಾಟದ ಲಾಭದ ಮೇಲೆ ಬೀಳುವ ತೆರಿಗೆಯನ್ನು ಲೆಕ್ಕ ಪರಿಶೋಧಕರಿಂದ ಮೊದಲೇ ತಿಳಿದುಕೊಳ್ಳಿ, ಏಕೆಂದರೆ ಮೂರು ಭಾಗ ಮಾಡಬೇಕಾದದ್ದು ತೆರಿಗೆ ಕಳೆದು ಉಳಿದ ಹಣವನ್ನು.

ಪ್ರಶ್ನೆ: ಅಮ್ಮನಿಗೆ ಮರೆವಿನ ಕಾಯಿಲೆಯ ಆರಂಭದ ಲಕ್ಷಣಗಳಿವೆ. ಸಮುಚ್ಚಯದವರು "ಎಲ್ಲ ಆರೈಕೆಯೂ ಇಲ್ಲೇ ಸಿಗುತ್ತದೆ" ಎನ್ನುತ್ತಾರೆ. ಮುಂದೆ ಕಾಯಿಲೆ ಹೆಚ್ಚಾದಾಗ ಬೇರೆ ಹಣ ಕೊಡಬೇಕಾಗುತ್ತದೆಯೇ?

ಉತ್ತರ: ಆರೈಕೆ ಸಿಗುತ್ತದೆ ಎನ್ನುವುದಕ್ಕೂ, ಈಗ ಕೊಡುವ ಹಣದಲ್ಲೇ ಸಿಗುತ್ತದೆ ಎನ್ನುವುದಕ್ಕೂ ಬಹಳ ಅಂತರವಿದೆ. ಅಮೆರಿಕದಲ್ಲಿ, ಸ್ವತಂತ್ರ ವಾಸದಿಂದ ಹಿಡಿದು ಪೂರ್ಣ ಶುಶ್ರೂಷೆಯವರೆಗೆ ಒಂದೇ ಆವರಣದಲ್ಲಿ ಒದಗಿಸುವ ಸಮುಚ್ಚಯಗಳು ತಮ್ಮ ಒಪ್ಪಂದಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತವೆ. ಎ ಬಗೆಯಲ್ಲಿ ಪ್ರವೇಶದ ಮೊತ್ತ ದೊಡ್ಡದು, ಆದರೆ ಆರೈಕೆ ಹೆಚ್ಚಾದರೂ ಮಾಸಿಕ ಶುಲ್ಕ ಆ ಕಾರಣಕ್ಕೆ ಅಷ್ಟಾಗಿ ಏರುವುದಿಲ್ಲ. ಬಿ ಬಗೆಯಲ್ಲಿ ಇಂತಿಷ್ಟು ದಿನಗಳ ಆರೈಕೆ ಒಳಗೊಂಡಿದ್ದು, ಆಮೇಲಿನದಕ್ಕೆ ಹಣ ಕೊಡಬೇಕು. ಸಿ ಬಗೆಯಲ್ಲಿ ಪ್ರವೇಶ ಅಗ್ಗ, ಆದರೆ ಪಡೆದ ಪ್ರತಿಯೊಂದು ಸೇವೆಗೂ ಆ ದಿನದ ದರವನ್ನೇ ತೆರಬೇಕು. ನಿಮಗೆ ತೋರಿಸುತ್ತಿರುವ ಒಪ್ಪಂದ ಯಾವ ದೇಶದ್ದೇ ಆಗಿರಲಿ, ಅದು ಈ ಮೂರರಲ್ಲಿ ಯಾವುದನ್ನು ಹೋಲುತ್ತದೆ ಎಂದು ಕೇಳಿದರೆ ಅರ್ಧ ವಿಷಯ ತಿಳಿಯುತ್ತದೆ.

ಅಮ್ಮನ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಎರಡಿವೆ. ಅನೇಕ ಒಪ್ಪಂದಗಳಲ್ಲಿ, ಸೇರುವಾಗಲೇ ಇದ್ದ ಕಾಯಿಲೆಗೆ ವಿನಾಯಿತಿ ದರ ಅನ್ವಯಿಸುವುದಿಲ್ಲ ಎಂದೋ, ನಿವಾಸಿ ಸ್ವತಂತ್ರವಾಗಿ ಇರಲಾಗದಿದ್ದರೆ ಮನೆ ತೆರವು ಮಾಡಬೇಕೆಂದೋ ಇರುತ್ತದೆ. ಲಕ್ಷಣಗಳನ್ನು ಮುಚ್ಚಿಟ್ಟು ಸೇರಿಸುವ ಯೋಚನೆ ಮಾಡಬೇಡಿ. ಮುಂದೆ ಅದೇ ಕಾರಣಕ್ಕೆ ಒಪ್ಪಂದ ಮುರಿದುಬಿದ್ದರೆ ಅಮ್ಮ ಅತ್ಯಂತ ಅಸಹಾಯಕ ಸ್ಥಿತಿಯಲ್ಲಿ ಜಾಗ ಬದಲಾಯಿಸಬೇಕಾಗುತ್ತದೆ. ಎರಡನೆಯದು, ಸಹಿ ಹಾಕುವವರಿಗೆ ತಾವು ಏನು ಮಾಡುತ್ತಿದ್ದೇವೆಂಬ ಪೂರ್ಣ ಅರಿವಿರಬೇಕು. ಅಮ್ಮನಿಗೆ ಆ ಅರಿವು ಸ್ಪಷ್ಟವಾಗಿರುವಾಗಲೇ ವೈದ್ಯರ ಅಭಿಪ್ರಾಯ ಪಡೆದು, ಹಣಕಾಸಿನ ಅಧಿಕಾರ ಯಾರಿಗೆ ಎಂಬುದನ್ನು ವಕೀಲರ ಮೂಲಕ ಬರೆಸಿಡಿ. ಅಧಿಕಾರಪತ್ರ ನೀಡಿದವರು ಅರಿವು ಕಳೆದುಕೊಂಡ ಮೇಲೆ ಅದು ಊರ್ಜಿತವಾಗಿ ಉಳಿಯುತ್ತದೆಯೇ ಎಂಬುದು ಆಯಾ ದೇಶದ ಕಾನೂನನ್ನು ಅವಲಂಬಿಸಿದೆ. ಬ್ರಿಟನ್ನಿನಂಥ ದೇಶಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಅಧಿಕಾರಪತ್ರವಿದೆ.

ಸಾರ್ವಜನಿಕ ಆರೋಗ್ಯ ವಿಮೆ ಇದನ್ನೆಲ್ಲ ಭರಿಸುತ್ತದೆಂದು ನಂಬಿ ಕೂರುವಂತಿಲ್ಲ. ಅಮೆರಿಕದ ಮೆಡಿಕೇರ್ ಆಸ್ಪತ್ರೆಯ ಖರ್ಚನ್ನು ನೋಡಿಕೊಂಡರೂ, ಸ್ನಾನ, ಊಟ, ಉಡುಗೆಯಂಥ ದೀರ್ಘಕಾಲದ ದಿನನಿತ್ಯದ ಆರೈಕೆಗೆ ಹಣ ಕೊಡುವುದಿಲ್ಲ.

ಪ್ರಶ್ನೆ: ನಾವು ಠೇವಣಿ ಇಟ್ಟ ಸಂಸ್ಥೆ ದಿವಾಳಿಯಾದರೆ ಗತಿಯೇನು?

ಉತ್ತರ: ಠೇವಣಿಗೆ ಯಾವ ಭದ್ರತೆ ಇದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನ್ಯೂಜಿಲೆಂಡಿನ ವ್ಯವಸ್ಥೆ ಗಮನಿಸತಕ್ಕದ್ದು. ಅಲ್ಲಿ ನಿವೃತ್ತಿ ಗ್ರಾಮಗಳು ನೋಂದಣಿಯಾಗಬೇಕು; ಜಮೀನಿನ ದಾಖಲೆಯಲ್ಲೇ ನಿವಾಸಿಗಳ ಹಕ್ಕನ್ನು ನಮೂದಿಸಿ, ಸಾಲ ಕೊಟ್ಟ ಬ್ಯಾಂಕುಗಳಿಗಿಂತ ನಿವಾಸಿಗಳ ಹಿತಕ್ಕೆ ಆದ್ಯತೆ ಕೊಡಲಾಗುತ್ತದೆ; ವಿನಾಯಿತಿ ಪಡೆದವುಗಳ ಹೊರತು ಉಳಿದ ಗ್ರಾಮಗಳ ಮೇಲೆ ಶಾಸನಬದ್ಧ ಮೇಲ್ವಿಚಾರಕರೊಬ್ಬರ ನಿಗಾ ಇರುತ್ತದೆ. ಸಹಿಗೆ ಮುನ್ನ ನಿವಾಸಿ ಸ್ವತಂತ್ರ ವಕೀಲರ ಸಲಹೆ ಪಡೆಯುವುದು ಅಲ್ಲಿ ಕಡ್ಡಾಯ, ಮತ್ತು ಸಹಿ ಹಾಕಿದ 15 ಕೆಲಸದ ದಿನಗಳೊಳಗೆ ಮನಸ್ಸು ಬದಲಾಯಿಸಬಹುದು. ಅಮೆರಿಕದಲ್ಲಾದರೋ, ಪ್ರವೇಶದ ಮೊತ್ತ ಕೊಟ್ಟ ನಿವಾಸಿಗಳು ದಿವಾಳಿ ಪ್ರಕರಣಗಳಲ್ಲಿ ಭದ್ರತೆಯಿಲ್ಲದೆ ಸಾಲ ಕೊಟ್ಟವರಂತೆ ಸರದಿಯ ಹಿಂದೆ ನಿಲ್ಲಬೇಕಾಗಿ ಬರುವುದುಂಟು.

ಭಾರತದಲ್ಲಿ ಸಮುಚ್ಚಯದ ಮನೆಗಳನ್ನು ಮಾರುವ ಯೋಜನೆಗಳಿಗೆ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಅನ್ವಯಿಸುತ್ತದೆ. ಖರೀದಿದಾರರಿಂದ ಪಡೆದ ಹಣದ ಶೇಕಡಾ 70ನ್ನು ಆ ಯೋಜನೆಯ ಜಮೀನು ಮತ್ತು ನಿರ್ಮಾಣ ವೆಚ್ಚಕ್ಕೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕಟ್ಟಡದ ದೋಷಗಳಿಗೆ ಮನೆ ಹಸ್ತಾಂತರವಾದ ದಿನದಿಂದ 5 ವರ್ಷ ನಿರ್ಮಾಪಕರೇ ಹೊಣೆ. ಆದರೆ ಇವು ಮನೆ ಕಟ್ಟಿ ಕೊಡುವವರೆಗಿನ, ಕಟ್ಟಡಕ್ಕೆ ಸಂಬಂಧಿಸಿದ ರಕ್ಷಣೆಗಳು. ಆಮೇಲೆ ಇಪ್ಪತ್ತು ವರ್ಷ ಊಟ, ದಾದಿ, ವಾಹನ ಒದಗಿಸುವ ಸೇವಾ ಸಂಸ್ಥೆ ಬೇರೆಯೇ ಆಗಿರಬಹುದು, ಅದರೊಡನೆ ಬೇರೆಯೇ ಒಪ್ಪಂದವಿರಬಹುದು. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗೆಂದೇ ಮಾದರಿ ಮಾರ್ಗಸೂಚಿ ಹೊರಡಿಸಿತು. ಆದರೆ ಮಾದರಿಯು ತನ್ನಷ್ಟಕ್ಕೆ ಕಾನೂನಾಗುವುದಿಲ್ಲ. ಎರಡೂ ಒಪ್ಪಂದಗಳನ್ನು ತರಿಸಿಕೊಂಡು, ಸೇವಾ ಸಂಸ್ಥೆಯನ್ನು ಬದಲಾಯಿಸುವ ಅಧಿಕಾರ ನಿವಾಸಿಗಳ ಸಂಘಕ್ಕೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಸೇವೆ ಕೆಟ್ಟಾಗ ನಿವಾಸಿಗಳ ಕೈ ಕಟ್ಟಿಹಾಕಿದಂತಾಗುತ್ತದೆ.

ಲೆಕ್ಕಪರಿಶೋಧಿತ ವಾರ್ಷಿಕ ವರದಿಯನ್ನು ಕೇಳುವುದಕ್ಕೂ ಸಂಕೋಚ ಬೇಡ. ಹಳಬರಿಗೆ ಹಿಂದಿರುಗಿಸಬೇಕಾದ ಠೇವಣಿಗಳನ್ನು ಹೊಸಬರ ಠೇವಣಿಯಿಂದಲೇ ತೀರಿಸುತ್ತಿರುವ ಸಂಸ್ಥೆಗೆ, ಹೊಸಬರು ಬರುವುದು ನಿಂತ ದಿನ ಕಷ್ಟ ತಪ್ಪಿದ್ದಲ್ಲ.

ಪ್ರಶ್ನೆ: ಅಪ್ಪ ಅಮ್ಮನಿಗಾಗಿ ಹಣ ಕೊಡುವವನು ನಾನು. ಒಪ್ಪಂದ ನನ್ನ ಹೆಸರಿನಲ್ಲಿರಲಿ ಎಂದು ಸಮುಚ್ಚಯದವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ಹಣ ಯಾರದೇ ಆಗಿರಲಿ, ವಾಸದ ಹಕ್ಕು ನಿಮ್ಮ ತಂದೆ ತಾಯಿಯರಿಬ್ಬರ ಹೆಸರಿನಲ್ಲೂ ಜಂಟಿಯಾಗಿ ಇರಬೇಕೆಂದು ನಾನು ಬಲವಾಗಿ ಹೇಳುತ್ತೇನೆ. ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಹೊಸ ಶುಲ್ಕವಿಲ್ಲದೆ ಅಲ್ಲೇ ಮುಂದುವರಿಯುವ ಮಾತು ಸ್ಪಷ್ಟ ಪದಗಳಲ್ಲಿರಲಿ. ನೀವು ಕೊಟ್ಟ ಹಣದ ಬಗ್ಗೆ ಚಿಂತೆಯಿದ್ದರೆ, ಠೇವಣಿ ಮರುಪಾವತಿಯ ಹಕ್ಕನ್ನು ನಿಮಗೆ ಪ್ರತ್ಯೇಕವಾಗಿ ಬರೆಸಿಕೊಳ್ಳಬಹುದು. ಒಡಹುಟ್ಟಿದವರಿದ್ದರೆ ಅವರಿಗೂ ಈ ವಿಷಯವನ್ನು ಲಿಖಿತವಾಗಿ ತಿಳಿಸಿಡಿ. ನಾಮನಿರ್ದೇಶನ ಮಾಡಿದ ಮಾತ್ರಕ್ಕೆ ವಾರಸುದಾರಿಕೆ ಇತ್ಯರ್ಥವಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ ಹಳೆಯ ಮನೆಯನ್ನು ನಿಮ್ಮ ಹೆಸರಿಗೆ ದಾನಪತ್ರ ಮಾಡಿಕೊಡುವ ಮಾತು ನಡೆಯುತ್ತಿದ್ದರೆ, ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತೇನೆಂಬ ಷರತ್ತನ್ನು ಆ ಪತ್ರದಲ್ಲೇ ಬರೆಯಿರಿ. ಭಾರತದ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮಿನ ಪ್ರಕಾರ, ಅಂಥ ಷರತ್ತಿನ ಮೇಲೆ ಪಡೆದ ಆಸ್ತಿಗೆ ಪ್ರತಿಯಾಗಿ ಪಾಲನೆ ಮಾಡದಿದ್ದರೆ ಆ ವರ್ಗಾವಣೆಯನ್ನು ನ್ಯಾಯಮಂಡಳಿ ರದ್ದೆಂದು ಘೋಷಿಸಬಹುದು. ನಿಮ್ಮಂಥ ಕಾಳಜಿಯುಳ್ಳ ಮಗನಿಗೆ ಇದರಿಂದ ಯಾವ ನಷ್ಟವೂ ಇಲ್ಲ, ಹಿರಿಯರಿಗೆ ಮಾತ್ರ ದೊಡ್ಡ ಧೈರ್ಯ.

ಪ್ರಶ್ನೆ: ಸ್ವಂತ ಮನೆಯೂ ಇಲ್ಲದ, ದೊಡ್ಡ ಉಳಿತಾಯವೂ ಇಲ್ಲದ ನಮ್ಮಂಥವರಿಗೆ ಇವೆಲ್ಲ ಗಗನಕುಸುಮವೇ?

ಉತ್ತರ: ಖಾಸಗಿ ಸಮುಚ್ಚಯಗಳು ಮನೆ ಮಾರಿ ಬರುವವರನ್ನೇ ನೆಚ್ಚಿ ಬೆಳೆದವು, ಸ್ವಂತ ಮನೆಯಿಲ್ಲದವರನ್ನು ಅವು ಹೊರಗಿಟ್ಟಿವೆ ಎಂಬುದು ಕಹಿಯಾದರೂ ನಿಜ. ಆದರೆ ಹಿರಿಯರ ವಸತಿಗೆ ಹಣ ಒದಗಿಸುವ ದಾರಿ ಅದೊಂದೇ ಅಲ್ಲ, ಮೊದಲಿನದೂ ಅಲ್ಲ. ಇಂಗ್ಲೆಂಡಿನಲ್ಲಿ ದತ್ತಿಯ ಹಣದಿಂದ ನಡೆಯುವ ವೃದ್ಧರ ವಸತಿಗಳು ಮಧ್ಯಯುಗದಿಂದ ಇವೆ. ವಿಂಚೆಸ್ಟರಿನ ಸೇಂಟ್ ಕ್ರಾಸ್ ದತ್ತಿ 12ನೇ ಶತಮಾನದ್ದು. ಸರೆ ಪ್ರಾಂತದ ವೈಟ್ಲಿ ವಿಲೇಜ್, 1907ರಲ್ಲಿ ನಿಧನರಾದ ವ್ಯಾಪಾರಿ ವಿಲಿಯಂ ವೈಟ್ಲಿ ಬಿಟ್ಟುಹೋದ ಸಂಪತ್ತಿನಿಂದ, ಕಡಿಮೆ ಆದಾಯದ ವೃದ್ಧರಿಗಾಗಿಯೇ ಕಟ್ಟಿದ ಊರು. ಅಮೆರಿಕದಲ್ಲಿ 1959ರಲ್ಲಿ ಆರಂಭವಾದ ಸೆಕ್ಷನ್ 202 ಯೋಜನೆಯಡಿ ಲಾಭರಹಿತ ಸಂಸ್ಥೆಗಳು ಸರ್ಕಾರದ ನೆರವಿನಿಂದ ಮನೆ ಕಟ್ಟುತ್ತವೆ; ಈಗ ಅದರ ನೆರವು 62 ದಾಟಿದ, ಅತಿ ಕಡಿಮೆ ಆದಾಯದವರಿಗೆ ಸಿಗುತ್ತದೆ, ಅವರು ಸಾಮಾನ್ಯವಾಗಿ ನಿಗದಿತ ಕಡಿತಗಳನ್ನು ಕಳೆದ ತಮ್ಮ ಆದಾಯದ ಶೇಕಡಾ 30ರಷ್ಟನ್ನು ಬಾಡಿಗೆಯಾಗಿ ಕೊಡುತ್ತಾರೆ. ಸಿಂಗಪುರದಲ್ಲಿ 55 ದಾಟಿದವರಿಗೆ ಸರ್ಕಾರಿ ಫ್ಲ್ಯಾಟುಗಳನ್ನು ಪೂರ್ಣ 99 ವರ್ಷಗಳ ಬದಲು ಚಿಕ್ಕ ಅವಧಿಯ ಗುತ್ತಿಗೆಯಲ್ಲಿ, ಅದಕ್ಕೆ ತಕ್ಕ ಕಡಿಮೆ ಬೆಲೆಗೆ ಕೊಡುತ್ತಾರೆ. ಬದುಕುವಷ್ಟು ವರ್ಷಗಳಿಗೆ ಮಾತ್ರ ಹಣ ಕೊಡುವ ಈ ಉಪಾಯವನ್ನು ಬೇರೆ ಸರ್ಕಾರಗಳೂ ಅನುಸರಿಸಬೇಕೆಂಬುದು ನನ್ನ ಹಂಬಲ.

ಭಾರತದಲ್ಲಿ, ಮೇಲೆ ಹೇಳಿದ 2007ರ ಕಾಯ್ದೆಯ 19ನೇ ಕಲಮು, ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ಹಂತಹಂತವಾಗಿ ರಾಜ್ಯ ಸರ್ಕಾರಗಳು ಸ್ಥಾಪಿಸಬಹುದು ಎನ್ನುತ್ತದೆ. "ಸ್ಥಾಪಿಸಬಹುದು" ಎಂದಿರುವುದರಿಂದ ಸರ್ಕಾರಗಳ ಮೇಲೆ ಕಟ್ಟುನಿಟ್ಟಿನ ಒತ್ತಡವಿಲ್ಲ. ಅದು "ಸ್ಥಾಪಿಸತಕ್ಕದ್ದು" ಎಂದಾಗಬೇಕೆಂದು ಹಿರಿಯ ನಾಗರಿಕರ ಸಂಘಗಳು ತಮ್ಮ ಶಾಸಕರನ್ನು ಕೇಳುತ್ತಲೇ ಇರಬೇಕು.

ಪ್ರಶ್ನೆ: ಸೇರಿದ ಮೇಲೆ ಹಿಡಿಸದಿದ್ದರೆ?

ಉತ್ತರ: ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹೊಸ ನಿವಾಸಿಗೆ 90 ದಿನಗಳ ಹೊಂದಿಕೆಯ ಅವಧಿ ಇದೆ. ಅಷ್ಟರೊಳಗೆ ಹೊರಡುವುದಾದರೆ ಇದ್ದ ದಿನಗಳ ಬಾಡಿಗೆ ಮುಂತಾದ ಕೆಲವನ್ನು ಮಾತ್ರ ಕಳೆದು ಕೊಟ್ಟ ಹಣವನ್ನು ಹಿಂದಿರುಗಿಸುತ್ತಾರೆ. ನೀವಿರುವ ಕಡೆ ಇಂಥ ಕಾನೂನು ಇಲ್ಲದಿದ್ದರೆ, ಮೊದಲು ಒಂದೆರಡು ತಿಂಗಳು ಅತಿಥಿ ಕೊಠಡಿಯಲ್ಲೋ ಬಾಡಿಗೆ ಮನೆಯಲ್ಲೋ ಇದ್ದು ನೋಡಿ. ವಾರಾಂತ್ಯದ ಭೇಟಿಯಲ್ಲಿ ಕಾಣದ್ದು ಆಗ ಕಾಣುತ್ತದೆ: ರಾತ್ರಿ ಗಂಟೆ ಒತ್ತಿದರೆ ಎಷ್ಟು ಹೊತ್ತಿಗೆ ಯಾರು ಬರುತ್ತಾರೆ, ಲಿಫ್ಟು ಕೆಟ್ಟರೆ ಎಷ್ಟು ದಿನಕ್ಕೆ ಸರಿಯಾಗುತ್ತದೆ, ನಿವಾಸಿಗಳ ಸಭೆಯಲ್ಲಿ ಲೆಕ್ಕಪತ್ರ ಕೇಳಿದವರಿಗೆ ಎಂಥ ಉತ್ತರ ಸಿಗುತ್ತದೆ. ಅಲ್ಲಿಂದ ಹೊರಹೋದ ಒಬ್ಬಿಬ್ಬರ ಮನೆಯವರನ್ನು ಹುಡುಕಿ, ಠೇವಣಿ ಎಷ್ಟು ತಿಂಗಳಿಗೆ ಕೈಸೇರಿತು ಎಂದೂ ವಿಚಾರಿಸಿ.